ತಂದೆಯ ಉದ್ಯೋಗ

1991ರಲ್ಲಿ ಬಿ.ಎಡ್. ಸೀಟಿಗೆ ಅರ್ಜಿ ತುಂಬುತ್ತಿದ್ದಾಗ ‘ತಂದೆಯ ಉದ್ಯೋಗ’ ಎಂಬ ಕಾಲಮ್ಮಿನ ಹತ್ತಿರ ನನ್ನ ಪೆನ್ನು ನಿಂತಿತು. ವರಮಾನಕ್ಕಾದರೆ ತಹಶೀಲ್ದಾರರ ಸರ್ಟಿಫಿಕೇಟು ಇತ್ತು, ನೋಡಿ ಬರೆದೆ. ಉದ್ಯೋಗಕ್ಕೆ ಏನು ನೋಡಿ ಬರೆಯುವುದು? ‘ಕೃಷಿ’ ಎನ್ನೋಣವೆಂದರೆ ನಮಗೆ ಒಂದು ಗುಂಟೆ ತೋಟವಿಲ್ಲ. ಕೊನೆಗೆ ‘ಕೂಲಿ’ ಎಂದು ಬರೆದೆ. ಅಪ್ಪ ಪಕ್ಕದಲ್ಲೇ ಕೂತಿದ್ದ. ಅವನಿಗೆ ಓದು ಅಷ್ಟಾಗಿ ಬಾರದು. ಆದರೆ ಆ ಎರಡಕ್ಷರ ಚೆನ್ನಾಗಿ ಗೊತ್ತಿತ್ತು. “ಕೂಲಿಯವ ಕರೆದಲ್ಲಿಗೆ ಹೋಗ್ತಾನೆ. ನಾವು ಒಪ್ಪಿದಲ್ಲಿಗೆ ಹೋಗೋರು” ಎಂದು ಎದ್ದು ಹೊರಗೆ ಹೋದ. ಅರ್ಜಿಯಲ್ಲಿ ಚಿತ್ತು ಇರಬಾರದೆಂದು ಸೂಚನೆ ಇತ್ತು. ಹಾಗೆಯೇ ಅಂಚೆಗೆ ಹಾಕಿದೆ.

ಅಪ್ಪ ಹೇಳಿದ್ದು ಸರಿಯೇ ಆಗಿತ್ತು. ನಮ್ಮದು ಕೂಲಿಯಲ್ಲ, ಒಂದು ಸಣ್ಣ ವಹಿವಾಟು. ಸಾಗರದ ಕಡೆ ಅಡಿಕೆ ಮರ ಹತ್ತುವವರನ್ನು ಕೊನೆಗೌಡ ಎನ್ನುತ್ತಾರೆ. ಅಜ್ಜ, ಅಪ್ಪ, ಚಿಕ್ಕಪ್ಪ, ಆಮೇಲೆ ನನ್ನ ತಮ್ಮ, ಹೀಗೆ ಮೂರು ತಲೆಮಾರು ಅದೇ ಕೆಲಸ ಮಾಡಿದರು. ಮಳೆಗೆ ಮುಂಚೆ ಮದ್ದು ಹೊಡೆಯುವುದು, ನಡು ಮಳೆಯಲ್ಲಿ ಮತ್ತೊಂದು ಸಲ ಹೊಡೆಯುವುದು, ದೀಪಾವಳಿಯ ಹೊತ್ತಿಗೆ ಕೊನೆ ಕೊಯ್ಲು ಶುರುಮಾಡುವುದು, ಬೇಸಿಗೆಯಲ್ಲಿ ಬಿಸಿಲು ಬಡಿಯುವ ಮರಗಳ ಕಾಂಡಕ್ಕೆ ಹಾಳೆ ಕಟ್ಟುವುದು. ಪಂಪು, ಪೈಪು, ಹಗ್ಗ ಎಲ್ಲ ನಮ್ಮವೇ. ಸುಣ್ಣದ ಕೆಲಸ ಅಮ್ಮನದು. ಲೆಕ್ಕ ನನ್ನದು, ಐದನೇ ಕ್ಲಾಸಿನಿಂದ ನಾನೇ ಬರೆದೆ. ಇನ್ನೂರು ಪುಟದ ನೋಟುಬುಕ್ಕುಗಳು ಒಂಬತ್ತು ಈಗಲೂ ನನ್ನ ಹತ್ತಿರ ಇವೆ.

ಕೊಳೆರೋಗ ಎಂದರೇನೆಂದು ಬಯಲುಸೀಮೆಯವರಿಗೆ ಹೇಳಬೇಕು. ಮಲೆನಾಡಿನ ಮಳೆ ಬಿಡದೆ ಹಿಡಿದಾಗ, ಎಳೆಯ ಅಡಿಕೆಯ ತೊಟ್ಟಿನ ಹತ್ತಿರ ನೀರು ಕುಡಿದಂಥ ಕಡು ಹಸಿರು ಕಲೆ ಕಾಣುತ್ತದೆ. ನಾಲ್ಕು ದಿನದಲ್ಲಿ ಕಾಯಿ ಉದುರತೊಡಗುತ್ತದೆ. ಉದುರಿದ ಕಾಯಿಯ ಮೇಲೆ ಬಿಳಿಯ ಬೂಷ್ಟು. ರೋಗ ಸುಳಿಗೆ ಇಳಿದರೆ ಮರವೇ ಹೋಯಿತು. ಇದಕ್ಕೆ ಹಿಂದೆ ಇದ್ದ ಉಪಾಯ ಒಂದೇ, ಕೊಟ್ಟೆ ಕಟ್ಟುವುದು. ಬೇಸಿಗೆಯಲ್ಲಿ ಹಾಳೆ ಆರಿಸಿಟ್ಟು, ನೆನೆಸಿ, ಹೊಲಿದು, ಒಂದೊಂದು ಕೊನೆಗೂ ಕೊಡೆಯಂತೆ ಕಟ್ಟಬೇಕು. ಮಳೆ ಮುಗಿದ ಮೇಲೆ ಬಿಚ್ಚಲು ಮತ್ತೆ ಹತ್ತಬೇಕು. ಅಜ್ಜನ ಕೈಬೆರಳುಗಳು ಕೊಟ್ಟೆ ಕಟ್ಟಿ ಕಟ್ಟಿ ಬಾಗಿದ್ದವು. ಅನ್ನ ಕಲಸುವಾಗಲೂ ಅವು ಪೂರ್ತಿ ಬಿಚ್ಚಿಕೊಳ್ಳುತ್ತಿರಲಿಲ್ಲ.

ನಮ್ಮ ಕನ್ನಡದ ‘ಕೊಳೆರೋಗ’ ಎಂಬ ಮಾತು ವಿಜ್ಞಾನದ ಪುಸ್ತಕಗಳಿಗೆ ಬಹಳ ಹಿಂದೆಯೇ ಸೇರಿದೆ. ಕುಕ್ ಎಂಬ ಆಂಗ್ಲ ಶಿಲೀಂಧ್ರತಜ್ಞ 1876ರಲ್ಲಿ ಮೈಸೂರಿನ ಕಾಫಿ ಗಿಡವನ್ನು ಕಾಡುವ ಒಂದು ಶಿಲೀಂಧ್ರಕ್ಕೆ ‘ಪೆಲಿಕ್ಯುಲೇರಿಯ ಕೊಳೆರೋಗ’ ಎಂದೇ ಹೆಸರಿಟ್ಟ. ಅಡಿಕೆಯ ಕೊಳೆ ಬೇರೆ. ಅದನ್ನು ನಮ್ಮಲ್ಲಿ ಕ್ರಮವಾಗಿ ಅಭ್ಯಾಸ ಮಾಡಿದವರು ಲೆಸ್ಲಿ ಕೋಲ್ಮನ್. ಕೆನಡಾದವರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರ ಮತ್ತು ಕೀಟ ತಜ್ಞರಾಗಿ ಬಂದವರು, 1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದರು. ಅಡಿಕೆ ಕೊಳೆಯ ಬಗ್ಗೆ ಅವರ ವರದಿ 1910ರಲ್ಲಿ ಅಚ್ಚಾಯಿತು. ರೋಗಕ್ಕೆ ಕಾರಣ ಫೈಟೊಫ್ಥೊರ ಜಾತಿಯ ಜೀವಿ ಎಂದು ಅವರು ತೋರಿಸಿದರು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ ಲಕ್ಷಾಂತರ ಜನರನ್ನು ಹಸಿವಿನಿಂದ ಕೊಂದದ್ದು ಇದರ ದಾಯಾದಿಯೇ. ಪಾಠದಲ್ಲಿ ಐರ್ಲೆಂಡಿನ ಕ್ಷಾಮ ಬಂದಾಗಲೆಲ್ಲ ನಾನು ಮಕ್ಕಳಿಗೆ, “ಅದರ ತಮ್ಮ ನಿಮ್ಮ ಮನೆ ಹಿತ್ತಲಲ್ಲೇ ಇದ್ದಾನೆ” ಎನ್ನುತ್ತೇನೆ. ಪರೀಕ್ಷೆಗೆ ಬರುವುದಿಲ್ಲ, ಆದರೂ ಹೇಳುತ್ತೇನೆ.

ಕೋಲ್ಮನ್ ಸೂಚಿಸಿದ ಮದ್ದು ಅವರು ಕಂಡುಹಿಡಿದದ್ದಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಸುಣ್ಣ ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ಬೂಷ್ಟು ರೋಗ ತಗಲದ್ದನ್ನು ಮಿಲಾರ್ಡೆ ಎಂಬ ಪ್ರೊಫೆಸರು 1882ರಲ್ಲಿ ಗಮನಿಸಿ, 1885ರಲ್ಲಿ ಲೋಕಕ್ಕೆ ತಿಳಿಸಿದರು. ಕಳ್ಳರಿಗೆ ಹೆದರಿ ಹಾಕಿದ್ದು ರೋಗಕ್ಕೆ ಮದ್ದಾಯಿತು. ಆದರೆ ದ್ರಾಕ್ಷಿ ಬಳ್ಳಿ ಮನುಷ್ಯನ ಎದೆಯೆತ್ತರ. ಅಡಿಕೆ ಕೊನೆ ಇರುವುದು ಐವತ್ತು ಅರವತ್ತು ಅಡಿ ಮೇಲೆ, ತೊಡೆಯಷ್ಟೂ ದಪ್ಪವಿಲ್ಲದ ಮರದ ತುದಿಯಲ್ಲಿ. ಹಾಗಾಗಿ ಮದ್ದು ಏನೆಂದು ತಿಳಿದರೆ ನಮ್ಮಲ್ಲಿ ಅರ್ಧ ಕೆಲಸವೂ ಆಗಲಿಲ್ಲ. ಅದು ಮೇಲೆ ಹೋಗಬೇಕಲ್ಲ! ಕೃಷಿ ಇತಿಹಾಸ ಹೇಳುವವರು ಕೋಲ್ಮನ್‌ರಿಂದ ನೇರವಾಗಿ ಫಸಲಿಗೆ ಹಾರುತ್ತಾರೆ. ನಡುವೆ ಒಂದು ಮರ ಇದೆ, ಅದನ್ನು ಯಾರೋ ಹತ್ತಿದ್ದಾರೆ ಎಂಬುದು ಅವರಿಗೆ ಹೊಳೆಯುವುದಿಲ್ಲ.

ಅಪ್ಪ ಹತ್ತುವುದನ್ನು ನಾನು ನೂರಾರು ಸಲ ನೋಡಿದ್ದೇನೆ. ಕಾಲಿಗೆ ಹಗ್ಗದ ತಳೆ, ಬೆನ್ನಿಗೆ ಪೈಪಿನ ತುದಿ. ಕೆಳಗೆ ಚಿಕ್ಕಪ್ಪ ಪಂಪಿನ ಹಿಡಿಯನ್ನು ಹಿಂದೆ ಮುಂದೆ ಆಡಿಸುತ್ತಿರಬೇಕು. ಒಂದು ಮರ ಮುಗಿದರೆ ಇಳಿಯುವುದಿಲ್ಲ. ಪಕ್ಕದ ಮರವನ್ನು ಹತ್ತಿರಕ್ಕೆ ಎಳೆದುಕೊಂಡು, ಮೇಲಿಂದ ಮೇಲೆಯೇ ದಾಟುವುದು. ಆ ಒಂದು ಕ್ಷಣ ಅಪ್ಪನ ಒಂದು ಕಾಲು ಒಂದು ಮರದಲ್ಲಿ, ಇನ್ನೊಂದು ಕಾಲು ಇನ್ನೊಂದರಲ್ಲಿ. ಅಮ್ಮ ಆಗ ಬೇಕೆಂದೇ ಸುಣ್ಣದ ಕಡೆ ಮುಖ ತಿರುಗಿಸುತ್ತಿದ್ದಳು.

ಮದ್ದು ಕೂಡಿಸುವುದಕ್ಕೂ ಹದ ಬೇಕು. ಇನ್ನೂರು ಲೀಟರಿನ ಒಂದು ಬ್ಯಾರಲ್ಲಿಗೆ ಎರಡು ಕಿಲೋ ಮೈಲುತುತ್ತ, ಎರಡು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯುತ್ತ ತಿರುವಬೇಕು. ಕಬ್ಬಿಣದ ಪಾತ್ರೆ ಕೂಡದು. ಆಮೇಲೆ ಅಪ್ಪ ತನ್ನ ಚಾಕುವಿನ ಅಲಗನ್ನು ಅದ್ದಿ ನೋಡುತ್ತಿದ್ದ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು. ಅದನ್ನೇ ಹೊಡೆದರೆ ಎಳೆಕಾಯಿ ಸುಡುತ್ತದೆ. ಕೂಡಿಸಿದ ಮದ್ದು ಅಂದೇ ಖರ್ಚಾಗಬೇಕು, ಮರುದಿನಕ್ಕೆ ಇಟ್ಟರೆ ಗುಣ ಹೋಗುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ.

ವಹಿವಾಟಿನ ನಿಜವಾದ ಇಕ್ಕಟ್ಟು ಇದ್ದದ್ದು ಲೆಕ್ಕದಲ್ಲಿ. ಬ್ಯಾರಲ್ ಲೆಕ್ಕದಲ್ಲಿ ಹಣ ಪಡೆದರೆ ಬೇಗ ಬ್ಯಾರಲ್ ಖಾಲಿ ಮಾಡುವ ಆಸೆ. ಮರದ ಲೆಕ್ಕವಾದರೆ ಕೊನೆಗೆ ನಾಲ್ಕು ಹನಿ ತೋರಿಸಿ ದಾಟುವ ಆಸೆ. ಅಪ್ಪ ಬ್ಯಾರಲ್ಲಿನ ಲೆಕ್ಕದಲ್ಲಿ ಹಣ ತೆಗೆದುಕೊಂಡು, ಮರಗಳನ್ನೂ ಎಣಿಸಿ ನನ್ನಿಂದ ಬರೆಸುತ್ತಿದ್ದ. ಒಂದು ಬ್ಯಾರಲ್ಲಿಗೆ ನೂರಿಪ್ಪತ್ತಕ್ಕಿಂತ ಹೆಚ್ಚು ಮರ ಬಂದರೆ ಅವತ್ತು ಯಾರೋ ಕೈ ಹಿಡಿದು ಹೊಡೆದಿದ್ದಾರೆ ಎಂದರ್ಥ. ಚಿಕ್ಕಪ್ಪನಿಗೆ ಬೈಗುಳ. ಇನ್ನೊಂದು ಇಕ್ಕಟ್ಟು ಕಾಲದ್ದು. ಮೃಗಶಿರ ಮಳೆ ಹಿಡಿಯುವುದರೊಳಗೆ ಎಲ್ಲ ತೋಟಗಳಿಗೂ ನಾವೇ ಬೇಕು. ನಲವತ್ತು ನಲವತ್ತೈದು ದಿನಕ್ಕೆ ಎರಡನೇ ಸಲ. ಆಗ ಹೊಳವು ಕಾಯುತ್ತ ಜಗಲಿಯಲ್ಲಿ ಕೂತಿರಬೇಕು.

1974ರ ಭೂಸುಧಾರಣೆಯಲ್ಲಿ ನಮ್ಮ ಕೇರಿಯ ಅನೇಕರಿಗೆ ಗೇಣಿ ಗದ್ದೆ ಸ್ವಂತವಾಯಿತು. 1951ರ ಕಾಗೋಡು ಸತ್ಯಾಗ್ರಹ ನಡೆದದ್ದೂ ನಮ್ಮ ತಾಲ್ಲೂಕಿನಲ್ಲೇ. ಉಳುವವನೇ ಹೊಲದೊಡೆಯ ಎಂಬ ಮಾತನ್ನು ನಾನು ಹೆಮ್ಮೆಯಿಂದಲೇ ಪಾಠ ಮಾಡುತ್ತೇನೆ. ಆದರೆ ಅಪ್ಪ ಉಳುವವನಲ್ಲ, ಹತ್ತುವವನು. ಅವನು ಡಿಕ್ಲರೇಷನ್ ಕೊಡಲು ಯಾವ ಸರ್ವೆ ನಂಬರೂ ಇರಲಿಲ್ಲ.

ಅಡಿಕೆ ಮರದ ಶತ್ರು ಮಳೆಯೊಂದೇ ಅಲ್ಲ. ನೈಋತ್ಯ ಮೂಲೆಯ ಇಳಿಬಿಸಿಲು ಬಡಿದರೆ ಕಾಂಡ ಹೊಂಬಣ್ಣಕ್ಕೆ ತಿರುಗಿ, ಆಮೇಲೆ ಕಪ್ಪಾಗಿ, ಸೀಳು ಬಿಡುತ್ತದೆ. ಹಾಳೆ ಕಟ್ಟುವುದು ಅದಕ್ಕೇ. ಸೀಳಿದ ಮರವೂ ಫಸಲು ಕೊಡುತ್ತಲೇ ಇರುತ್ತದೆ. ಅದೇ ಅದರ ಮೋಸ. 1988ರ ಕೊಯ್ಲಿನಲ್ಲಿ ಅಪ್ಪ ಒಂದು ತೋಟದ ಅಂಥ ಮರ ತೋರಿಸಿ, “ಒಡೆಯಾ, ಇದನ್ನು ಕಡಿಸಿ” ಎಂದಿದ್ದ. ಮೂರು ಕೊನೆ ಹಿಡಿದ ಮರ ಕಡಿಯುವುದು ಯಾರಿಗೂ ಸುಲಭವಲ್ಲ. ಅವರು ಕೆಟ್ಟವರಲ್ಲ. ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷ, ಜುಲೈ ಕೊನೆಯಲ್ಲಿ ಒಂದು ಮಧ್ಯಾಹ್ನ ಹೊಳವಾಗಿತ್ತು. ಎರಡನೇ ಸಲದ ಮದ್ದು. ಕಾಂಡಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಸೀಳನ್ನು ಮುಚ್ಚಿತ್ತು. ಪಕ್ಕದ ಮರದಿಂದ ದಾಟಿದ ಅಪ್ಪನ ಭಾರಕ್ಕೆ ಮರ ನಡುವೆ ಮುರಿಯಿತು.

ಕಪ್ಪಿನಲ್ಲಿ ಕೆಸರಿತ್ತು, ಅದರಿಂದ ಜೀವ ಉಳಿಯಿತು. ಸೊಂಟ ಮತ್ತು ಬಲಗಾಲು ಹೋದವು. ತೋಟದವರೇ ಜೀಪು ಮಾಡಿ ಆಸ್ಪತ್ರೆಗೆ ಸೇರಿಸಿದರು. ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ. ಸುದ್ದಿ ತಿಳಿದು ಸಂಜೆ ಬಸ್ಸಿನಲ್ಲಿ ಬಂದು ತೋಟಕ್ಕೆ ಓಡಿದರೆ ಅಲ್ಲಿ ಪಂಪಿನ ಸದ್ದು ಕೇಳುತ್ತಿತ್ತು. ಬ್ಯಾರಲ್ಲಿನಲ್ಲಿ ಅರ್ಧ ಮದ್ದು ಉಳಿದಿತ್ತು. ನಾಳೆಗೆ ಬರುವುದಿಲ್ಲ. ಚಿಕ್ಕಪ್ಪನ ಕೈಕಾಲು ನಡುಗುತ್ತಿದ್ದವು, ಅವನಿಂದ ಹತ್ತಲಾಗಲಿಲ್ಲ. ಪಂಪು ಆಡಿಸುತ್ತ ಅಳುತ್ತಿದ್ದ. ಮೇಲೆ ಇದ್ದವನು ನನ್ನ ತಮ್ಮ. ಹದಿನಾರು ವರ್ಷ, ಎಸ್ಸೆಸ್ಸೆಲ್ಸಿ ಪಾಸಾಗಿ ಕಾಲೇಜಿಗೆ ಸೇರಿ ಒಂದು ತಿಂಗಳಾಗಿತ್ತು. “ಇಳಿಯೋ” ಎಂದು ಕೂಗಿದೆ. “ಇನ್ನು ಇಪ್ಪತ್ತು ಮರ ಐತೆ ಅಕ್ಕ” ಎಂದ. ಆ ರಾತ್ರಿ ನೋಟುಬುಕ್ಕಿನಲ್ಲಿ ನಾನೇ ಬರೆದೆ: ಮೂರು ಬ್ಯಾರಲ್, ಮುನ್ನೂರ ನಲವತ್ತು ಮರ.

ಅವನು ಮತ್ತೆ ಕಾಲೇಜಿಗೆ ಹೋಗಲಿಲ್ಲ. ನಾನು ಹೋದೆ. ಬಿ.ಎಡ್. ಫೀಸು ಕಟ್ಟಿದ್ದು ಅವನ ಎರಡು ಕೊಯ್ಲಿನ ದುಡ್ಡು. ಇದನ್ನು ತ್ಯಾಗ ಗೀಗ ಎಂದು ಯಾರೂ ಮನೆಯಲ್ಲಿ ಕರೆಯಲಿಲ್ಲ; ತಂಡಕ್ಕೆ ಹತ್ತುವವರು ಬೇಕಿತ್ತು, ಅಷ್ಟೇ. ಅಪ್ಪ ಕೋಲೂರಿಕೊಂಡು ತೋಟಕ್ಕೆ ಬಂದು, ಬ್ಯಾರಲ್ ಪಕ್ಕ ಕೂತು ಮದ್ದು ಕೂಡಿಸುವವನಾದ. ಮೇಲೆ ನೋಡುತ್ತಿರಲಿಲ್ಲ.

ಅಪ್ಪ 2011ರಲ್ಲಿ ತೀರಿಕೊಂಡ. ಈಗ ತಮ್ಮನ ಮಗ ತಂಡ ನಡೆಸುತ್ತಾನೆ. ಕಾರ್ಬನ್ ಫೈಬರಿನ ಹಗುರ ದೋಟಿ ಬಂದಿದೆ, ನೆಲದಲ್ಲೇ ನಿಂತು ಮದ್ದು ಹೊಡೆಯಬಹುದು. ಕತ್ತು ಮಾತ್ರ ನೋಯುತ್ತದೆ ಎನ್ನುತ್ತಾನೆ. ತೀರ ಎತ್ತರದ ಮರಗಳಿಗೆ ಈಗಲೂ ಹತ್ತಬೇಕು. ಕೊಳೆಯ ಜೊತೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡು ಕೆಲಸ ಹೆಚ್ಚಾಗಿದೆ.

ತಮ್ಮ 1990ರಲ್ಲಿ ಒಂದು ಕ್ರಮ ಹಾಕಿದ್ದ, ಅದನ್ನು ಹುಡುಗ ಬಿಟ್ಟಿಲ್ಲ. ಮೇ ತಿಂಗಳಲ್ಲಿ ಕೆಲಸ ಹಿಡಿಯುವ ಮೊದಲು ತೋಟ ಸುತ್ತಿ, ಬಳ್ಳಿ ಸರಿಸಿ, ಪ್ರತಿ ಮರದ ನೈಋತ್ಯ ಬದಿಯನ್ನು ಬಡಿದು ನೋಡುತ್ತಾನೆ. ಸೀಳಿದ ಮರಕ್ಕೆ ಸುಣ್ಣದ ಗುರುತು. ಗುರುತಿನ ಮರ ಕಡಿಸದಿದ್ದರೆ ಆ ತೋಟ ಒಪ್ಪುವುದಿಲ್ಲ. ಕಳೆದ ವರ್ಷ ಎರಡು ತೋಟ ಬಿಟ್ಟ. ಅದರಲ್ಲಿ ಒಂದರ ಯಜಮಾನರು ನನಗೇ ಫೋನು ಮಾಡಿ, “ಟೀಚರೇ, ನಿಮ್ಮ ಹುಡುಗನಿಗೆ ಸ್ವಲ್ಪ ಹೇಳಿ” ಎಂದರು. ನಾನು ಹೇಳಲಿಲ್ಲ.