ಗಣಕದೊಳಗೆ ಊರು ಕಟ್ಟಿದವರು

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಅಕ್ಕನ ಮಗ ಮೂರು ವಾರ ನಮ್ಮ ಮನೆಯಲ್ಲಿದ್ದ. ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ಬಂದ ದಿನವೇ ತನ್ನ ಲ್ಯಾಪ್‌ಟಾಪ್ ತೆರೆದು ಊರು ಕಟ್ಟಲು ಕುಳಿತ. ಒಂದು ರಾತ್ರಿ ಊಟ ಮಾಡುತ್ತಿದ್ದಾಗ ಪತ್ರಿಕೆಯಲ್ಲಿ ಬಂದಿದ್ದ ಕಳ್ಳತನದ ಸುದ್ದಿಯ ಮಾತು ಬಂತು. "ಮಾವ, ಅಗ್ಗದ ಜಾಗದಲ್ಲಿ ಜನ ಒತ್ತಾಗಿ ಸೇರಿದರೆ ಕಳ್ಳತನ ಆಗಿಯೇ ಆಗುತ್ತೆ. ಸಿಮ್‌ಸಿಟಿಯಲ್ಲಿ ನಾನೇ ನೋಡಿದ್ದೀನಿ" ಎಂದ.

'ನೋಡಿದ್ದೀನಿ' ಎಂಬ ಆ ಮಾತು ನನ್ನನ್ನು ಕಾಡಿತು. ಅವನು ನೋಡಿದ್ದು ಒಂದು ಊರನ್ನೋ, ಊರಿನ ಬಗ್ಗೆ ಯಾರೋ ಬರೆದಿಟ್ಟ ಒಂದು ಸಮೀಕರಣವನ್ನೋ? ಉತ್ತರ ಹುಡುಕುತ್ತಾ ಹೋದಾಗ ಅರವತ್ತು ವರ್ಷಗಳ ಒಂದು ಸ್ವಾರಸ್ಯದ ಇತಿಹಾಸ ಎದುರಾಯಿತು. ಅವನು ಆಗ ಆಡುತ್ತಿದ್ದ ಆಟವೂ ಅದರ ಕೊನೆಯ ಅಧ್ಯಾಯಗಳಲ್ಲಿ ಒಂದು ಎಂದು ತಿಳಿಯಿತು.

ಈ ಇತಿಹಾಸ ಆರಂಭವಾಗುವುದು ಒಬ್ಬ ಶಾಲಾ ಶಿಕ್ಷಕಿಯಿಂದ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕಟೋನಾ ಎಂಬ ಊರಿನಲ್ಲಿ ಮೇಬಲ್ ಆಡಿಸ್ ನಾಲ್ಕನೆಯ ತರಗತಿಗೆ ಪಾಠ ಹೇಳುತ್ತಿದ್ದರು. ವೆಸ್ಟ್‌ಚೆಸ್ಟರ್ ಜಿಲ್ಲೆಯ ಶಿಕ್ಷಣ ಮಂಡಳಿಯೂ ಐಬಿಎಂ ಕಂಪನಿಯೂ ಸೇರಿ ಗಣಕವನ್ನು ಪಾಠಕ್ಕೆ ಬಳಸಿಕೊಳ್ಳುವ ಪ್ರಯೋಗಕ್ಕೆ ಕೈಹಾಕಿದಾಗ ಆಡಿಸ್ ಒಂದು ಆಟವನ್ನು ರೂಪಿಸಿದರು. ಐಬಿಎಂನ ವಿಲಿಯಂ ಮೆಕ್ಕೇ ಅದಕ್ಕೆ ಕ್ರಮವಿಧಿ ಬರೆದರು. 1964ರಲ್ಲಿ ಮಕ್ಕಳ ಮುಂದೆ ಬಂದ ಆ ಆಟದ ಹೆಸರು 'ದಿ ಸುಮೇರಿಯನ್ ಗೇಮ್'. ಕ್ರಿ.ಪೂ. 3500ರ ಸುಮಾರಿನ ಲಗಾಶ್ ನಗರ, ಅದರ ಅರಸ ಲುಡುಗ. ಆಡುವ ಮಗುವೇ ಅರಸ. ದೂರಮುದ್ರಕದ ಕಾಗದದ ಮೇಲೆ ರಾಜಸಲಹೆಗಾರನ ವರದಿ ಅಚ್ಚಾಗಿ ಬರುತ್ತದೆ: ಇಷ್ಟು ಧಾನ್ಯ ಬೆಳೆಯಿತು, ಇಷ್ಟು ಜನರಿದ್ದಾರೆ, ಊಟಕ್ಕೆ ಎಷ್ಟು, ಬಿತ್ತನೆಗೆ ಎಷ್ಟು, ಕಣಜಕ್ಕೆ ಎಷ್ಟು? ಮಗು ಅಂಕಿಗಳನ್ನು ಒತ್ತಬೇಕು. ಮುಂದಿನ ಹಂತಗಳಲ್ಲಿ ಕಸುಬುಗಳು, ವ್ಯಾಪಾರ ಎಲ್ಲವೂ ಬರುತ್ತವೆ. 1966ರಲ್ಲಿ ಪರಿಷ್ಕರಿಸಿದಾಗ ಧ್ವನಿಸುರುಳಿ, ಸ್ಲೈಡ್ ಚಿತ್ರಗಳೂ ಸೇರಿದವು. ಮೂಲ ಕ್ರಮವಿಧಿ ಕಳೆದುಹೋಗಿದೆ, ಕೆಲವು ಮುದ್ರಿತ ಹಾಳೆಗಳು ಮಾತ್ರ ಉಳಿದಿವೆ.

ಆಟದ ಸುದ್ದಿ ಕೇಳಿದ ಡಗ್ ಡೈಮಂಟ್ ಎಂಬ ಕ್ರಮವಿಧಿಗಾರ 1968ರಲ್ಲಿ ಅದರ ಮೊದಲ ಭಾಗವನ್ನಷ್ಟೇ ಕಿರಿದಾಗಿ ಮತ್ತೆ ಬರೆದ. ಡೇವಿಡ್ ಆಲ್ ಅದನ್ನು ಬೇಸಿಕ್ ಭಾಷೆಗೆ ತಂದು 1973ರ ತನ್ನ ಆಟಗಳ ಪುಸ್ತಕದಲ್ಲಿ 'ಹಮುರಾಬಿ' ಎಂಬ ಹೆಸರಿನಿಂದ ಅಚ್ಚುಹಾಕಿದ. ಈ ಚಿಕ್ಕ ಆಟದ ಲೆಕ್ಕವನ್ನು ತರಗತಿಯ ಕರಿಹಲಗೆಯ ಮೇಲೆಯೇ ಮಾಡಬಹುದು. ಆರಂಭದಲ್ಲಿ 100 ಜನ, 1000 ಎಕರೆ, 2800 ಬುಷೆಲ್ ಧಾನ್ಯ. ಒಬ್ಬನ ವರ್ಷದ ಊಟಕ್ಕೆ 20 ಬುಷೆಲ್ ಬೇಕು, ಅಲ್ಲಿಗೆ 2000 ಹೋಯಿತು. ಒಂದು ಬುಷೆಲ್ ಬೀಜ ಎರಡು ಎಕರೆಗೆ ಸಾಕು. ಒಬ್ಬ ವ್ಯಕ್ತಿ 10 ಎಕರೆ ಉಳಬಲ್ಲ. ಸಾವಿರ ಎಕರೆಯನ್ನೂ ಬಿತ್ತಿದರೆ 500 ಬುಷೆಲ್. ಉಳಿಯುವುದು 300. ಇಳುವರಿ ಎಕರೆಗೆ 1ರಿಂದ 5 ಬುಷೆಲ್, ಅದೃಷ್ಟವಿದ್ದಂತೆ. ಒಂದೇ ಬಂದರೆ ಕಣಜದಲ್ಲಿ 1300 ಬುಷೆಲ್, ಅಂದರೆ 65 ಜನರ ಊಟ. ಇಲಿಗಳು ತಿನ್ನುವುದು ಬೇರೆ! ಒಂದೇ ವರ್ಷದಲ್ಲಿ ನೂರಕ್ಕೆ 45ಕ್ಕಿಂತ ಹೆಚ್ಚು ಜನ ಹಸಿವಿನಿಂದ ಸತ್ತರೆ ಅರಸನನ್ನು ಪಟ್ಟದಿಂದ ಇಳಿಸಲಾಗುತ್ತದೆ.

ಲೆಕ್ಕ ಸೊಗಸಾಗಿದೆ. ಆದರೆ ಆಡಿಸ್ ಹೆಣೆದಿದ್ದ ಕಥೆ ಇಲ್ಲಿ ಮಾಯವಾಗಿದೆ. ಉಳಿದದ್ದು ಅಂಕಿಗಳು ಮಾತ್ರ. ಕಥೆ ಇದ್ದಾಗ ಇದು ಯಾರೋ ಹೇಳುತ್ತಿರುವುದು ಎಂಬ ಎಚ್ಚರ ಮಗುವಿಗೂ ಇರುತ್ತದೆ. ಬರೀ ಅಂಕಿಗಳಿದ್ದರೆ ಅದು ಪ್ರಕೃತಿಯ ನಿಯಮದಂತೆಯೇ ತೋರುತ್ತದೆ ಎಂದು ನನಗನ್ನಿಸುತ್ತದೆ.

ಅದೇ ಹೊತ್ತಿಗೆ, ಆಟಕ್ಕೆ ಏನೂ ಸಂಬಂಧವಿಲ್ಲದ ಕಡೆ, ಇನ್ನೊಬ್ಬರು ಗಣಕದೊಳಗೆ ನಗರ ಕಟ್ಟುತ್ತಿದ್ದರು. ಬಾಸ್ಟನ್ ನಗರದ ಪಕ್ಕದಲ್ಲಿ, ಚಾರ್ಲ್ಸ್ ನದಿಯ ಆಚೆ ದಡದಲ್ಲಿರುವ ಎಂಐಟಿ ಸಂಸ್ಥೆಯ ಜೇ ಫಾರೆಸ್ಟರ್ (1918-2016) ಅವರನ್ನು ಗಣಕ ವಿಜ್ಞಾನದ ವಿದ್ಯಾರ್ಥಿಗಳು ಕಾಂತೀಯ ಸ್ಮೃತಿಯ ನಿರ್ಮಾಪಕರೆಂದು ಬಲ್ಲರು. ನಂತರ ಅವರು ಕಾರ್ಖಾನೆಗಳ ಏಳುಬೀಳನ್ನು ಸಮೀಕರಣಗಳಲ್ಲಿ ಹಿಡಿಯುವ ವಿಧಾನವೊಂದನ್ನು ಬೆಳೆಸಿದರು. 1960ರಿಂದ 1968ರವರೆಗೆ ಬಾಸ್ಟನ್ನಿನ ಮೇಯರ್ ಆಗಿದ್ದ ಜಾನ್ ಕಾಲಿನ್ಸ್ ಅಧಿಕಾರ ಬಿಟ್ಟ ಮೇಲೆ ಎಂಐಟಿಗೆ ಬಂದರು. ಅವರಿಗೆ ಸಿಕ್ಕಿದ್ದು ಫಾರೆಸ್ಟರ್ ಅವರ ಪಕ್ಕದ ಕೊಠಡಿ. ಇಬ್ಬರ ಮಾತುಕತೆಯಿಂದ ಹುಟ್ಟಿದ್ದು 1969ರ 'ಅರ್ಬನ್ ಡೈನಾಮಿಕ್ಸ್' ಎಂಬ ಗ್ರಂಥ.

ಈ ಗ್ರಂಥದ ನಗರದಲ್ಲಿ ಉದ್ದಿಮೆ, ವಸತಿ, ಜನ ಎಂಬ ಮೂರು ಘಟಕಗಳಿವೆ. ಪ್ರತಿಯೊಂದರಲ್ಲೂ ಮೂರು ದರ್ಜೆ. ಒಂದು ಹೆಚ್ಚಿದರೆ ಇನ್ನೊಂದು ತಗ್ಗುವಂತೆ ಅಥವಾ ಏರುವಂತೆ ಹಿಮ್ಮಾಹಿತಿಯ ಕುಣಿಕೆಗಳಿಂದ ಅವನ್ನು ಬಿಗಿಯಲಾಗಿದೆ. 250 ವರ್ಷಗಳಷ್ಟು ಕಾಲ ನಗರವನ್ನು ಗಣಕದಲ್ಲಿ ಓಡಿಸಿ ನೋಡಿದರು. ಬಂದ ತೀರ್ಮಾನ ಎಲ್ಲರನ್ನೂ ಬೆಚ್ಚಿಬೀಳಿಸಿತು. ಬಡವರಿಗೆ ಅಗ್ಗದ ಮನೆ ಕಟ್ಟಿದರೆ ಅದು ಉದ್ದಿಮೆಗೆ ಬೇಕಾದ ಜಾಗವನ್ನು ತಿನ್ನುತ್ತದೆ, ಕೆಲಸವಿಲ್ಲದವರನ್ನು ಇನ್ನಷ್ಟು ಸೆಳೆಯುತ್ತದೆ, ನಗರ ಕುಸಿಯುತ್ತದೆ. ಪ್ರತಿವರ್ಷ ನೂರಕ್ಕೆ 5ರಂತೆ ಕೊಳೆಗೇರಿ ಮನೆಗಳನ್ನು ಕೆಡವಿ ಉದ್ದಿಮೆಗೆ ಜಾಗ ಕೊಟ್ಟರೆ ನಗರ ಚೇತರಿಸಿಕೊಳ್ಳುತ್ತದೆ!

ಇಲ್ಲಿ ಸ್ವಲ್ಪ ನಿಲ್ಲೋಣ. ಕೆಡವಿದ ಮನೆಯವರು ಎಲ್ಲಿಗೆ ಹೋದರು? ಸಮೀಕರಣಗಳಲ್ಲಿ ನಗರದ ಗಡಿಯಾಚೆ ಇರುವುದು ಎಲ್ಲೆಯಿಲ್ಲದ ಒಂದು 'ಪರಿಸರ' ಮಾತ್ರ. ಅಲ್ಲಿಗೆ ಹೋದವರ ಲೆಕ್ಕವಿಲ್ಲ. ಬಾಸ್ಟನ್ನಿನ ಸುತ್ತಲೂ ಬೆಳೆಯುತ್ತಿದ್ದ ಶ್ರೀಮಂತ ಉಪನಗರಗಳೂ ಲೆಕ್ಕದಲ್ಲಿಲ್ಲ. ಅನೇಕ ಸಂಬಂಧಗಳಿಗೆ ಆಧಾರ ಅಳತೆಗಳಲ್ಲ, ಅನುಭವಸ್ಥರ ಮಾತು. ನಗರ ತಜ್ಞರು ಆಗಲೇ ಇದನ್ನು ಕಟುವಾಗಿ ಟೀಕಿಸಿದರು. ಗಣಿತದಲ್ಲಿ ತಪ್ಪಿರಲಿಲ್ಲ. ತಕರಾರು ಇದ್ದದ್ದು ಗಣಿತಕ್ಕೆ ಏನನ್ನು ಉಣಿಸಲಾಗಿತ್ತು ಎಂಬುದರ ಬಗ್ಗೆ.

ಫಾರೆಸ್ಟರ್ ಅವರ ಈ ಪುಸ್ತಕ ಆಟಗಾರರ ಕೈಗೆ ಸೇರಿದ್ದು ವಿಲ್ ರೈಟ್ ಎಂಬಾತನಿಂದ. ಆತ 1984ರಲ್ಲಿ ಹೆಲಿಕಾಪ್ಟರಿನಿಂದ ದ್ವೀಪಗಳ ಮೇಲೆ ಬಾಂಬು ಹಾಕುವ ಆಟವೊಂದನ್ನು ಮಾಡಿದ್ದ. ಬಾಂಬು ಹಾಕುವುದಕ್ಕಿಂತ ದ್ವೀಪದಲ್ಲಿ ರಸ್ತೆ, ಕಟ್ಟಡ ಇಡುವುದರಲ್ಲೇ ಅವನಿಗೆ ಹೆಚ್ಚು ಖುಷಿ ಸಿಕ್ಕಿತಂತೆ. ನಗರಗಳ ಬಗ್ಗೆ ಓದುತ್ತಾ ಹೋದವನಿಗೆ ಫಾರೆಸ್ಟರ್ ಸಿಕ್ಕರು. 1989ರಲ್ಲಿ 'ಸಿಮ್‌ಸಿಟಿ' ಹೊರಬಂತು. ಅಡ್ಡ 120, ಉದ್ದ 100 ಚೌಕಗಳ ನೆಲ. ವಸತಿ, ವಾಣಿಜ್ಯ, ಕೈಗಾರಿಕೆ ಎಂದು ವಲಯ ಗುರುತಿಸಿದರೆ ಊರು ತಾನೇ ಬೆಳೆಯುತ್ತದೆ. ಗೆಲುವಿಲ್ಲ, ಕೊನೆಯಿಲ್ಲ.

2008ರಲ್ಲಿ ಇದರ ಮೂಲ ಸಂಕೇತವನ್ನು 'ಮೈಕ್ರೋಪೊಲಿಸ್' ಎಂಬ ಹೆಸರಿನಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಲಾಯಿತು. ನಮ್ಮ ಹುಡುಗನ ಮಾತಿಗೆ ಆಧಾರ ಸಿಕ್ಕಿದ್ದು ಅಲ್ಲಿಯೇ. ಒಂದು ಸ್ಥಳದ ಅಪರಾಧ ಪ್ರಮಾಣ ಹೀಗೆ: 128ರಿಂದ ಆ ಜಾಗದ ಬೆಲೆಯನ್ನು ಕಳೆ, ಜನಸಾಂದ್ರತೆಯನ್ನು ಕೂಡಿಸು, ಪೊಲೀಸ್ ಠಾಣೆಯ ಪ್ರಭಾವವನ್ನು ಕಳೆ. ಇನ್ನೊಂದೆಡೆ, ಅಪರಾಧ 190ನ್ನು ದಾಟಿದರೆ ಜಾಗದ ಬೆಲೆಯಿಂದ 20 ಕಳೆ. ಬೆಲೆ ಇಳಿದರೆ ಅಪರಾಧ ಏರುತ್ತದೆ, ಅಪರಾಧ ಏರಿದರೆ ಬೆಲೆ ಇಳಿಯುತ್ತದೆ. ಈ ಕುಣಿಕೆಯಿಂದ ಹೊರಬರಲು ಆಟಗಾರನಿಗಿರುವ ನೇರ ದಾರಿ ಪೊಲೀಸ್ ಠಾಣೆ. ಕೂಲಿ, ನಿರುದ್ಯೋಗ ಈ ಸಾಲುಗಳಲ್ಲಿಲ್ಲ. ಇನ್ನು ಶಾಲೆ? 1989ರ ಆ ಆಟದಲ್ಲಿ ಪೊಲೀಸ್ ಠಾಣೆ, ಅಗ್ನಿಶಾಮಕ ಠಾಣೆ, ಕ್ರೀಡಾಂಗಣ ಎಲ್ಲವನ್ನೂ ಕಟ್ಟಬಹುದಿತ್ತು, ಶಾಲೆಯನ್ನು ಕಟ್ಟುವಂತಿರಲಿಲ್ಲ. ಶಿಕ್ಷಕರಾದ ನಮಗೆ ಇದು ಗಮನಕ್ಕೆ ಬಾರದಿದ್ದೀತೆ!

ಮುಂದಿನ ಎರಡು ದಶಕಗಳಲ್ಲಿ 'ಸ್ಯಾಂಡ್‌ಬಾಕ್ಸ್' ಎಂಬ ಜಾತಿಯ ಆಟಗಳು ಬೆಳೆದವು. ಮನೆ ಕಟ್ಟುವಲ್ಲಿ ಸುರಿದ ಮರಳಿನ ಗುಡ್ಡೆಯಲ್ಲಿ ಕಾಲು ಹುದುಗಿಸಿ ಗುಬ್ಬಚ್ಚಿ ಗೂಡು ಕಟ್ಟಿದ ನೆನಪು ನಿಮಗಿದ್ದರೆ ಹೆಸರಿನ ಅರ್ಥ ವಿವರಿಸಬೇಕಿಲ್ಲ. 2009ರಲ್ಲಿ ಮೊದಲು ಕಾಣಿಸಿಕೊಂಡ 'ಮೈನ್‌ಕ್ರಾಫ್ಟ್' ಇವುಗಳಲ್ಲಿ ಹೆಚ್ಚು ಪ್ರಸಿದ್ಧ. ಇವುಗಳ ಜೊತೆಗೆ 'ಮಾಡ್' ಎಂಬ ಪದ್ಧತಿಯೂ ಬೆಳೆಯಿತು. ಆಟಗಾರರೇ ಕ್ರಮವಿಧಿ ಬರೆದು ಮೂಲ ಆಟಕ್ಕೆ ಸೇರಿಸುವ ಪೂರಕ ಭಾಗಗಳೇ ಮಾಡ್‌ಗಳು.

ಹುಡುಗ ಆಡುತ್ತಿದ್ದದ್ದು ಅಂಥದೊಂದನ್ನು. ಮೂಲ ಆಟ ಬೆಥೆಸ್ಡಾ ಸಂಸ್ಥೆ 2015ರಲ್ಲಿ ತಂದ 'ಫಾಲ್‌ಔಟ್ 4'. ಕಥೆಯ ಪ್ರಕಾರ 2077ರಲ್ಲಿ ಅಣುಯುದ್ಧ ನಡೆದಿದೆ. ನೆಲಮಾಳಿಗೆಯಲ್ಲಿ ಶೀತಲೀಕರಿಸಿ ಇಟ್ಟಿದ್ದ ನಾಯಕ 2287ರಲ್ಲಿ ಎಚ್ಚರಗೊಂಡು ಹೊರಬರುತ್ತಾನೆ. ಎಲ್ಲಿ ಗೊತ್ತೆ? ಪಾಳುಬಿದ್ದ ಬಾಸ್ಟನ್ನಿನ ಹೊರವಲಯದಲ್ಲಿ. ಫಾರೆಸ್ಟರ್ ಮತ್ತು ಕಾಲಿನ್ಸ್ ತಲೆ ಕೆಡಿಸಿಕೊಂಡಿದ್ದ ಅದೇ ನಗರವನ್ನು ಆಟಗಾರ ಮತ್ತೆ ಕಟ್ಟಬೇಕು. ತಲೆಗೊಂದು ಹಾಸಿಗೆ, ಒಂದು ಅಳತೆ ಆಹಾರ, ಒಂದು ಅಳತೆ ನೀರು. ರಕ್ಷಣೆಯ ಅಂಕಿ ಆಹಾರ ಮತ್ತು ನೀರಿನ ಮೊತ್ತಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ದಾಳಿಯ ಭಯ. ಹಮುರಾಬಿಯ ಕಣಜದ ಲೆಕ್ಕವೇ! ಒಂದೇ ತೊಂದರೆ ಎಂದರೆ ಪ್ರತಿ ಗೋಡೆಯನ್ನೂ ಆಟಗಾರನೇ ನಿಲ್ಲಿಸಬೇಕು. ನಿವಾಸಿಗಳು ಕೈಕಟ್ಟಿ ನಿಂತಿರುತ್ತಾರೆ.

ಈ ಕೊರತೆಯನ್ನು ತುಂಬಲು ಕಿಂಗ್‌ಗ್ಯಾತ್ ಎಂಬ ಅಡ್ಡಹೆಸರಿನ ಆಟಗಾರ 2017ರಲ್ಲಿ 'ಸಿಮ್ ಸೆಟ್ಲ್‌ಮೆಂಟ್ಸ್' ಎಂಬ ಮಾಡ್ ತಂದ. ಹೆಸರಿನ ಮೊದಲರ್ಧ ಎಲ್ಲಿಂದ ಬಂತೆಂದು ಊಹಿಸಬಲ್ಲಿರಿ. ಆಟಗಾರ ನಿವೇಶನವನ್ನಷ್ಟೇ ಗುರುತಿಸುತ್ತಾನೆ. ವಸತಿ, ಕೃಷಿ, ಕೈಗಾರಿಕೆ, ವಾಣಿಜ್ಯ, ರಕ್ಷಣೆ, ಮನರಂಜನೆ, ಪೌರಸೇವೆ ಎಂದು ಬಗೆಗಳಿವೆ. ಮನೆಯನ್ನು ನಿವಾಸಿಯೇ ಕಟ್ಟಿಕೊಳ್ಳುತ್ತಾನೆ, ಊರು ನೆಮ್ಮದಿಯಾಗಿದ್ದರೆ ಅದನ್ನು ಹಂತಹಂತವಾಗಿ ಬೆಳೆಸುತ್ತಾನೆ. 2020ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಇದಕ್ಕೆಲ್ಲ ಒಂದು ಕಥೆ ಕೂಡಿಕೊಂಡಿತು. ಅದರ ಮುಂದಿನ ಅಧ್ಯಾಯಗಳು 2021 ಮತ್ತು 2023ರಲ್ಲಿ ಬಂದವು.

ಅವನ ಪಕ್ಕದಲ್ಲಿ ಕುಳಿತು ನಾನೂ ಕೆಲವು ಸಂಜೆ ಆಡಿದೆ. ಗುಂಡು ಹಾರಿಸುವ ಭಾಗವನ್ನು ಅವನಿಗೆ ಬಿಟ್ಟೆ, ನಿವೇಶನ ಹಂಚುವ ಭಾಗ ನನ್ನದು. ಕಥೆಯಲ್ಲಿ ಜೇಕ್ ಎವನ್ಸ್ ಎಂಬ ಪಾತ್ರ ಬರುತ್ತದೆ. ನಿವೇಶನದಲ್ಲಿ ನೆಡುವ ಸಂವೇದಕದ ತಂತ್ರ ಆಟಗಾರನಿಗೆ ತಿಳಿಯುವುದು ಅವನ ಮೂಲಕ. ಅಂದರೆ ಊರು ಹೇಗೆ ತಾನಾಗಿ ಬೆಳೆಯುತ್ತದೆ ಎಂಬ ನಿಯಮಕ್ಕೆ ಇಲ್ಲಿ ಒಂದು ಮುಖವಿದೆ, ಒಂದು ಧ್ವನಿಯಿದೆ. ಎರಡನೆಯ ಅಧ್ಯಾಯದಲ್ಲಿ ಕೂಲಿ ಸೈನಿಕರಾದ ಗನ್ನರ್‌ಗಳ ನೆಲೆಯನ್ನೇ ವಶಪಡಿಸಿಕೊಂಡು ಎಲ್ಲ ಊರುಗಳಿಗೂ ಕೇಂದ್ರ ಕಚೇರಿ ಮಾಡಿಕೊಳ್ಳಬೇಕು. ಅಲ್ಲಿಗೆ ಬರುವಷ್ಟರಲ್ಲಿ ನನಗೆ ಒಂದು ಊರಿನ ಕಟ್ಟಡಗಳನ್ನು ಸುಸ್ಥಿತಿಯಲ್ಲಿಡುವ ಖರ್ಚೇ ಹೊರೆಯಾಗಿತ್ತು. ಕೇಂದ್ರ ಕಚೇರಿ ಎಂದರೆ ಎದೆ ನಡುಗಿತು.

"ಕಷ್ಟವಾದರೆ ಬದಲಾಯಿಸೋಣ ಮಾವ" ಎಂದು ಹುಡುಗ ಆಟದೊಳಗಿನ ಒಂದು ಪಟ್ಟಿಯನ್ನು ತೆರೆದ. ಕಟ್ಟಲು ಸಾಮಗ್ರಿ ಬೇಕೇ ಬೇಡವೇ, ನಿರ್ವಹಣೆಗೆ ಖರ್ಚು ಹಿಡಿಯಬೇಕೇ, ಲೆಕ್ಕ ಸರಳವಾಗಿರಬೇಕೇ ಜಟಿಲವಾಗಿರಬೇಕೇ ಎಂಬುದನ್ನೆಲ್ಲ ಅಲ್ಲಿ ಆಟಗಾರನೇ ಆರಿಸಬಹುದು. ಕಟ್ಟಡಗಳ ನಕ್ಷೆಗಳನ್ನೂ, ಇಡೀ ಊರುಗಳ ಯೋಜನೆಗಳನ್ನೂ ಬೇರೆ ಬೇರೆ ಆಟಗಾರರು ರಚಿಸಿ ಹಂಚಿಕೊಂಡಿದ್ದಾರೆ. ಖರ್ಚನ್ನು ತೆಗೆದುಹಾಕಿದೆವು. ಪರದಾಡುತ್ತಿದ್ದ ನನ್ನ ಊರು ಚೇತರಿಸಿಕೊಂಡಿತು. ಜನ ಅವರೇ, ನೆಲ ಅದೇ.

ಆಗ ಅವನಿಗೆ 128ರ ಸಾಲನ್ನು ತೋರಿಸಿದೆ. ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಶಾಲೆಗೆ ಒಂದು ಪದ ಸೇರಿಸಬಹುದಲ್ಲ?" ಎಂದ. "ಸೇರಿಸು. ಆದರೆ ಎಷ್ಟು ಕಳೆಯುತ್ತೀಯ, 10 ಕಳೆಯುತ್ತೀಯೋ 50 ಕಳೆಯುತ್ತೀಯೋ? ಆ ಅಂಕಿ ಎಲ್ಲಿಂದ ತರುತ್ತೀಯ?" ಎಂದು ಕೇಳಿದೆ. ಅದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ನನ್ನಲ್ಲಿಯೂ ಇರಲಿಲ್ಲ. ಮೈಕ್ರೋಪೊಲಿಸ್‌ನ ಸಂಕೇತವನ್ನು ಇಳಿಸಿಕೊಂಡು ಹೋಗಿದ್ದಾನೆ.

ಹೊರಡುವ ಹಿಂದಿನ ರಾತ್ರಿ ಆಟದ ಬಾಸ್ಟನ್ನಿನಲ್ಲಿ ನನ್ನನ್ನು ಚಾರ್ಲ್ಸ್ ನದಿಯ ಆಚೆ ಕರೆದೊಯ್ದ. ಅಲ್ಲಿ ಕಂಬಸಾಲಿನ ದೊಡ್ಡ ಕಟ್ಟಡವೊಂದು ಮುರಿದುಬಿದ್ದಿದೆ. ಆಟದಲ್ಲಿ ಅದರ ಹೆಸರು ಸಿಐಟಿ. ಎಂಐಟಿಯನ್ನೇ ಹೆಸರು ಬದಲಿಸಿ ಇಟ್ಟಿದ್ದಾರೆ. ಮುಂದೆ ವಿಶಾಲವಾದ ಅಂಗಳವಿದೆ. ಮೂಲ ಆಟದಲ್ಲಿ ಅಲ್ಲಿ ಊರು ಕಟ್ಟಲು ಅವಕಾಶವಿಲ್ಲ.