ಆಟ ನಿಂತರೂ ಓಡುವ ಮೀಟರು

ವಿಡಿಯೊ ಗೇಮ್‌ನಿಂದ ಎಂಥ ಕಸ ಎನ್ನುವವರು ಅಮೆರಿಕದ ಆಲಮೊಗಾರ್ಡೊ ಪಟ್ಟಣದ ಕತೆ ಕೇಳಬೇಕು. ಮಾರಾಟವಾಗದ ಗೇಮ್ ಕಾರ್ಟ್ರಿಜ್‌ಗಳನ್ನು ಅಟಾರಿ ಕಂಪನಿ 1983ರಲ್ಲಿ ಲಾರಿಗಟ್ಟಲೆ ತಂದು ಅಲ್ಲಿನ ಕಸದ ಗುಂಡಿಗೆ ಸುರಿದು, ಮೇಲೆ ಕಾಂಕ್ರೀಟ್ ಹಾಕಿಸಿತು. ಬಹಳ ವರ್ಷ ಇದನ್ನು ಕಟ್ಟುಕತೆ ಎಂದವರೇ ಹೆಚ್ಚು. 2014ರಲ್ಲಿ ಅಗೆದಾಗ ‘ಇ.ಟಿ.’ ಆಟವೂ ಸೇರಿ ಸುಮಾರು 1,300 ಕಾರ್ಟ್ರಿಜ್‌ಗಳು ಮೇಲೆ ಬಂದವು.

ಕರೆಂಟಿನ ಲೆಕ್ಕ

ಹೂತ ಕಸ ಅಗೆದರೆ ಸಿಗುತ್ತದೆ. ಉರಿದ ವಿದ್ಯುತ್ತಿಗೆ ಗುರುತಿಲ್ಲ. ಅಮೆರಿಕದ ಗೇಮಿಂಗ್ ಯಂತ್ರಗಳು ವರ್ಷಕ್ಕೆ ಸುಮಾರು 3,400 ಕೋಟಿ ಯೂನಿಟ್ ಬಳಸುತ್ತವೆಂದು ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಇವಾನ್ ಮಿಲ್ಸ್ ಮತ್ತು ಸಂಗಡಿಗರು ಅಂದಾಜಿಸಿದ್ದಾರೆ. ಭಾರೀ ಆಟ ಓಡಿಸುವಾಗ ಪ್ಲೇಸ್ಟೇಷನ್ 5 ಕನ್ಸೋಲ್ ಸುಮಾರು 200 ವ್ಯಾಟ್ ಎಳೆಯುತ್ತದೆ. ನಿಂಟೆಂಡೊ ಸ್ವಿಚ್‌ಗೆ ಅದರ ಹತ್ತನೇ ಒಂದು ಪಾಲೂ ಬೇಡ.

ಆಡುವಾಗ ಖರ್ಚಾಗುವುದು ಸರಿ, ಆಡದಾಗ? ಎಕ್ಸ್‌ಬಾಕ್ಸ್ ‘ಸ್ಲೀಪ್’ ಸ್ಥಿತಿಯಲ್ಲಿ 10ರಿಂದ 15 ವ್ಯಾಟ್ ಬಳಸುತ್ತದೆ. ಪೂರ್ತಿ ಆರಿಸಿದರೆ ಅರ್ಧ ವ್ಯಾಟ್. ದಿನಕ್ಕೆ 22 ಗಂಟೆ 15 ವ್ಯಾಟ್‌ನಲ್ಲಿ ತೂಕಡಿಸುವ ಯಂತ್ರ ತಿಂಗಳಿಗೆ ಹತ್ತು ಯೂನಿಟ್ ನುಂಗುತ್ತದೆ. ಒಂದು ಮನೆಯ ಬಿಲ್ಲಿನಲ್ಲಿ ಕಣ್ಣಿಗೆ ಬೀಳದ ಈ ಮೊತ್ತ ಕೋಟ್ಯಂತರ ಮನೆಗಳಿಗೆ ಸೇರಿದರೆ ಸಣ್ಣದಲ್ಲ. ಮೈಕ್ರೋಸಾಫ್ಟ್ 2022ರಲ್ಲಿ ತನ್ನ ಹೊಸ ಎಕ್ಸ್‌ಬಾಕ್ಸ್‌ಗಳಿಗೆ ಮಿತಬಳಕೆಯನ್ನೇ ಡಿಫಾಲ್ಟ್ ಮಾಡಿತು. ಮರುವರ್ಷದಿಂದ, ಗ್ರಿಡ್‌ನಲ್ಲಿ ಸ್ವಚ್ಛ ವಿದ್ಯುತ್ ಹೆಚ್ಚಿರುವ ಹೊತ್ತು ನೋಡಿ ಅಪ್‌ಡೇಟ್ ಇಳಿಸಿಕೊಳ್ಳುವ ವ್ಯವಸ್ಥೆಯೂ ಬಂತು. ಫೋರ್ಟ್‌ನೈಟ್ ಎಂಬ ಆಟದಲ್ಲಿ ಆಟಗಾರ ಲಾಬಿಯಲ್ಲಿ ಸುಮ್ಮನೆ ಕೂತರೆ ಚಿತ್ರದ ಗುಣಮಟ್ಟ ತಾನಾಗಿ ಇಳಿಯುತ್ತದೆ. ಸೆಟ್ಟಿಂಗ್ಸ್ ತೆರೆದು ನೋಡುವವರು ಎಷ್ಟು ಮಂದಿ? ಹಾಗಾಗಿ ಕಾರ್ಖಾನೆಯಲ್ಲೇ ಕೂರಿಸಿದ ಆಯ್ಕೆ ನೂರು ಜಾಗೃತಿ ಭಾಷಣಗಳಿಗಿಂತ ಮೇಲು.

ಹಸಿರು ಆಟಗಳು

2019ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಹುಟ್ಟಿದ ‘ಪ್ಲೇಯಿಂಗ್ ಫಾರ್ ದ ಪ್ಲಾನೆಟ್’ ಒಕ್ಕೂಟ, ಆಟಗಳೊಳಗೇ ಪರಿಸರದ ಮಾತು ಸೇರಿಸಲು ಕಂಪನಿಗಳನ್ನು ಹುರಿದುಂಬಿಸುತ್ತದೆ. ದಕ್ಷಿಣ ಆಫ್ರಿಕಾದ ಫ್ರೀ ಲೈವ್ಸ್ ತಂಡದ ‘ಟೆರಾ ನಿಲ್’ ಇಂಥ ಕಲ್ಪನೆಗೆ ಸೊಗಸಾದ ಉದಾಹರಣೆ: ಬಂಜರು ನೆಲಕ್ಕೆ ಜೀವ ತುಂಬಿದ ಮೇಲೆ, ಕಟ್ಟಿದ ಯಂತ್ರಗಳನ್ನೆಲ್ಲ ಕಳಚಿಕೊಂಡು ಹೊರಟುಬಿಡಬೇಕು. ನಗರ ಕಟ್ಟಿ ಮೆರೆಯುವ ಆಟಗಳಿಗೆ ಇದು ಉಲ್ಟಾ.

ಕೆಟ್ಟ ಕನ್ಸೋಲ್

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತದ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಕೈಯಲ್ಲಿ ಹಿಡಿದು ಆಡುವ ಕನ್ಸೋಲ್‌ಗಳೂ ಇವೆ; ಅವುಗಳ ಮರುಬಳಕೆಯ ಹೊಣೆ ತಯಾರಕರದು. ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ ‘ಇ-ಪರಿಸರ’ ಎಂಬ ಘಟಕ 2005ರಿಂದಲೇ ಅಧಿಕೃತವಾಗಿ ಇ-ತ್ಯಾಜ್ಯ ಸಂಸ್ಕರಿಸುತ್ತಿದೆ. ಅಂಥಲ್ಲಿಗೆ ಹೋಗದೆ ಹಳೆಯ ಯಂತ್ರ ಗುಜರಿಯವನ ಕೈ ಸೇರಿದರೆ ತಾಮ್ರಕ್ಕಾಗಿ ವೈರು ಬಯಲಲ್ಲೇ ಸುಡುವ ಸಾಧ್ಯತೆ ಹೆಚ್ಚು.