ಗಡುವು ಮೀರಿದ ಒತ್ತೆ: ಕೊಪ್ಪಳ ಸೀಮೆಯ ಗಿರವಿ ಕಾನೂನಿನ ಚರಿತ್ರೆ

ಗಡುವು ಮೀರಿದ ಮೇಲೆ ಗಿರವಿಯಿಟ್ಟ ಒಡವೆ ಯಾರದು? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಕಾನೂನು ಈ ಪ್ರಶ್ನೆಗೆ ಕೊಟ್ಟ ಉತ್ತರ ಒಂಬತ್ತು ಶತಮಾನಗಳಲ್ಲಿ ತಲೆಕೆಳಗಾಗಿದೆ. ಬಡ್ಡಿಯ ದರ ಮಾತ್ರ ಅಷ್ಟೇನೂ ಕದಲಿಲ್ಲ.

ಇದೇ ಸೀಮೆಯ ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ ದಂಡನಾಯಕ. ಅದೇ ಅರಸನ ಆಳ್ವಿಕೆಯಲ್ಲಿ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರ’ ವ್ಯಾಖ್ಯಾನ ಬರೆದ. ಆ ಸ್ಮೃತಿಯ ಪ್ರಕಾರ ಒತ್ತೆಯಿರುವ ಸಾಲಕ್ಕೆ ತಿಂಗಳ ಬಡ್ಡಿ ಅಸಲಿನ ಎಂಬತ್ತರಲ್ಲಿ ಒಂದು ಪಾಲು, ಅಂದರೆ ವರ್ಷಕ್ಕೆ ಶೇ. 15. ಜೋಪಾನಕ್ಕೆಂದು ಕೊಟ್ಟ ಒಡವೆಯನ್ನು ಸಾಹುಕಾರ ತಾನೇ ತೊಟ್ಟರೆ ಬಡ್ಡಿ ಹೋಯಿತು. ಕಳೆದರೆ ಅವನೇ ತುಂಬಿಕೊಡಬೇಕು. ದೈವದಿಂದಲೋ ಅರಸನಿಂದಲೋ ಆದ ನಷ್ಟಕ್ಕಷ್ಟೇ ವಿನಾಯಿತಿ. ಇಷ್ಟು ಎಚ್ಚರದ ನಡುವೆಯೇ ಒಂದು ಕಠೋರ ಮಾತಿದೆ: ಸಾಲ ಎರಡರಷ್ಟಾದರೂ ಬಿಡಿಸಿಕೊಳ್ಳದಿದ್ದರೆ ಒತ್ತೆ ಕೈಬಿಟ್ಟಿತು. ಮೇಲಿನ ದರದಲ್ಲಿ ಅದಕ್ಕೆ ಹಿಡಿಯುವುದು 80 ತಿಂಗಳು. ಇನ್ನೊಬ್ಬ ಸ್ಮೃತಿಕಾರ ಬೃಹಸ್ಪತಿ ಇನ್ನೆರಡು ವಾರ ಕಾಯಲು ಹೇಳುತ್ತಾನೆ, ಅಷ್ಟೆ. ಶಾಸ್ತ್ರದ ಈ ಲೆಕ್ಕವೇ ಹಳ್ಳಿಯ ಪಡಸಾಲೆಯಲ್ಲೂ ನಡೆಯಿತೆಂದು ನಂಬುವ ಅಗತ್ಯವಿಲ್ಲ.

ನಿಜಾಮರ ಕಾಲದಲ್ಲಿ ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದವು. ಹೈದರಾಬಾದಿನ ಲೇವಾದೇವಿದಾರರ ಕಾಯ್ದೆ ಬಂದದ್ದು ಫಸಲಿ 1349ರಲ್ಲಿ (1939–40). ಅದು ಹಿಡಿದದ್ದು ಲೈಸೆನ್ಸಿನ ದಾರಿ: ಲೈಸೆನ್ಸಿಲ್ಲದವನ ದಾವೆ ವಜಾ. ತುಂಗಭದ್ರೆಯ ಆಚೆ, ಮದರಾಸು ಪ್ರಾಂತದಲ್ಲಿದ್ದ ಹೊಸಪೇಟೆ–ಬಳ್ಳಾರಿಯ ಕಡೆ, 1943ರ ಗಿರವಿದಾರರ ಕಾಯ್ದೆ ಒಡವೆ ಬಿಡಿಸಿಕೊಳ್ಳಲು ಒಂದು ವರ್ಷ, ಮೇಲೆ ಏಳು ದಿನ ಕೊಟ್ಟಿತು. ಹೊಳೆ ದಾಟಿದರೆ ಗಿರವಿಯ ಕಾನೂನೇ ಬೇರೆ!

ಮುಂದಿನ ಹೆಜ್ಜೆ 1951ರ ಏಪ್ರಿಲ್ 1ರದು. ಅಂದು 1872ರ ಭಾರತೀಯ ಕರಾರು ಕಾಯ್ದೆ ಹೈದರಾಬಾದ್ ರಾಜ್ಯಕ್ಕೂ ಅನ್ವಯವಾಯಿತು. ಅದರ 176ನೆಯ ಕಲಮಿನಂತೆ ಗಿರವಿ ಹಿಡಿದವನು ಒಡವೆಯನ್ನು ಮಾರಬೇಕಾದರೆ ಮೊದಲು ನೋಟಿಸು ಕೊಡಬೇಕು. 177ರಂತೆ ಮಾರಾಟ ನಡೆದೇಹೋಗುವ ತನಕ ಇಟ್ಟವನು ಬಿಡಿಸಿಕೊಳ್ಳಬಹುದು. ಗಡುವು ಮುಗಿದ ಮಾತ್ರಕ್ಕೆ ಒಡೆತನ ಕೈ ಬದಲಾಯಿಸುವುದಿಲ್ಲ. ಈಗ ಈ ಸೀಮೆ ಸೇರಿರುವ ಕರ್ನಾಟಕದ 1961ರ ಗಿರವಿದಾರರ ಕಾಯ್ದೆ ಲೈಸೆನ್ಸು, ಚೀಟಿ, ಲೆಕ್ಕದ ಪುಸ್ತಕಗಳನ್ನು ಕಡ್ಡಾಯ ಮಾಡಿತು. ಭದ್ರತೆಯಿರುವ ಲೇವಾದೇವಿ ಸಾಲಕ್ಕೆ ಸರ್ಕಾರ ಗೊತ್ತುಮಾಡಿದ ಗರಿಷ್ಠ ಬಡ್ಡಿ ಶೇ. 14, ಯಾಜ್ಞವಲ್ಕ್ಯನಿಗಿಂತ ಒಂದೇ ಒಂದು ಕಡಿಮೆ. ಗಿರವಿ ಹಿಡಿದವನು ಆ ವಸ್ತುವನ್ನು ತನಗೆ ತಾನೇ ಮಾರಿಕೊಳ್ಳುವಂತಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸ್ಮೃತಿ ತೆರೆದಿಟ್ಟಿದ್ದ ಬಾಗಿಲು ಅಲ್ಲಿಗೆ ಪೂರ್ತಿ ಮುಚ್ಚಿತು.

ಇದುವರೆಗಿನದು ಒಡವೆಯ ಮಾತು; ತುಂಗಭದ್ರೆಯ ಕಾಲುವೆ ನೀರು ಬಂದ ಗಂಗಾವತಿಯಲ್ಲಿ ಸಾಲದ ಭದ್ರತೆಯೆಂದರೆ ಬಂಗಾರವೊಂದೇ ಅಲ್ಲ, ಟ್ರ್ಯಾಕ್ಟರೂ ಹೌದು, ಭತ್ತವೂ ಹೌದು. ವಸ್ತು ರೈತನ ಬಳಿಯೇ ಉಳಿಯುವ ಇಂಥ ಸಾಲಕ್ಕೆ 1872ರ ಕಾಯ್ದೆಯಲ್ಲಿ ಪ್ರತ್ಯೇಕ ಕಲಮೇ ಇಲ್ಲ. ಟ್ರ್ಯಾಕ್ಟರಾದರೆ ಬ್ಯಾಂಕಿನ ಹೆಸರು 1988ರ ಮೋಟಾರು ವಾಹನ ಕಾಯ್ದೆಯಂತೆ ಆರ್.ಸಿ. (ನೋಂದಣಿ) ಪುಸ್ತಕದಲ್ಲಿ ಏರುತ್ತದೆ. ಕಣದ ಭತ್ತಕ್ಕೆ ಅಂಥ ಪುಸ್ತಕವಿಲ್ಲ. 2007ರ ಉಗ್ರಾಣ ಕಾಯ್ದೆಯ ರಸೀದಿಯ ಮೇಲೆ ಸಾಲ ಎತ್ತಬೇಕೆಂದರೆ ಚೀಲಗಳನ್ನು ನೋಂದಾಯಿತ ಗೋದಾಮಿಗೇ ಸಾಗಿಸಬೇಕು.